ಬ್ಯಾಟರಿಯನ್ನು ದುಡಿಸಿ, ಬೇಯಿಸಬೇಡಿ

ಪ್ರಶ್ನೆ:

ನಾ ನಿಲಂಗಾ ತಾಲೂಕಿನ ಕಾಸಾರಶಿರಸಿಯಂವ. ಊರಾಗ ಸಣ್ಣದೊಂದು ಸೇವಾ ಕೇಂದ್ರ ನಡಸ್ತೀನಿ. ಹೊಲದ ಸಾತ್‌ಬಾರಾ ತಗದು ಕೊಡೋದು, ಉತ್ಪನ್ನದ ದಾಖಲಾ, ಪರೀಕ್ಷಾ ಫಾರ್ಮು, ಪೀಕವಿಮಾ, ಝೆರಾಕ್ಸು, ಲ್ಯಾಮಿನೇಶನ್ನು, ಇವೇ ಕೆಲಸ. ಮಂದಿ ಮನ್ಯಾಗ ಮಾತಾಡೋದು ಕನ್ನಡ, ಫಾರ್ಮು ಬರೋದು ಮರಾಠಿ. ಹಂಗಾಗಿ ಹಿರ್ಯಾರು ನನ್ನ ಕಡಿನೇ ಬರ್ತಾರ.

ಲ್ಯಾಪ್‌ಟಾಪ್ ತಗೊಂಡು ಎರಡು ವರ್ಷ ಆತು. ಹೊಸದಿದ್ದಾಗ ಲೈಟ್ ಹೋದ್ರ ಮೂರು ತಾಸಿನ ಮ್ಯಾಲ ನಡೀತಿತ್ತು. ಈಗ ಇಪ್ಪತ್ತು ನಿಮಿಷಕ್ಕ ಕಣ್ಣು ಮುಚ್ಚತದ. ಹ್ವಾದ ಜುಲೈದಾಗ ವಿಮಾದ ಕೊನಿ ದಿನ ಹಿಂಗೇ ಆತು. ಲೈಟ್ ಹೋತು, ಅರ್ಧ ತುಂಬಿದ ಫಾರ್ಮು ಹೋತು, ಹೊರಗ ಸಾಲಾಗಿ ನಿಂತ ಮಂದಿ ನನ್ನ ಮ್ಯಾಲ ಸಿಟ್ಟಾದ್ರು.

ಬ್ಯಾಟರಿ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರ. ನಮ್ಮಪ್ಪ ಟ್ರ್ಯಾಕ್ಟರ್ ನಡಸಿದಂವ, 'ಬ್ಯಾಟರಿ ಯಾವತ್ತೂ ತುಂಬಿರಬೇಕು' ಅಂತಾನ. ನಮ್ಮ ಸೋದರಮಾವ ಮದವಿ ವಿಡಿಯೋ ತಗೀತಿದ್ದ, 'ಪೂರಾ ಖಾಲಿ ಆಗೋತನ ಚಾರ್ಜಿಗೆ ಹಚ್ಚಬ್ಯಾಡ' ಅಂತಾನ. ಉಮರ್ಗಾದಾಗಿನ ಮೆಕ್ಯಾನಿಕ್, 'ದಿನವಿಡೀ ಚಾರ್ಜಿಗಿಟ್ಟು ಓವರ್‌ಚಾರ್ಜ್ ಮಾಡಿ ನೀನೇ ಕೊಂದೀದಿ, ಹೊಸದಕ್ಕ 3,500 ಕೊಡು' ಅಂದ. ಉದಗೀರದಾಗ ಕಾಲೇಜ್ ಓದೋ ತಂಗಿಗೆ ಈ ವರ್ಷ ಒಂದು ಲ್ಯಾಪ್‌ಟಾಪ್ ಕೊಡಸೀವಿ. ಆಕಿ ಮಾವನ ಮಾತು ಕೇಳಿ ಶೂನ್ಯಕ್ಕ ಇಳಿಸಿನೇ ಚಾರ್ಜ್ ಮಾಡ್ತಾಳ. ಯಾರ ಮಾತು ಖರೇ? ತಪ್ಪು ನಂದೇನು? ಹೊಸ ಬ್ಯಾಟರಿ ಹಾಕಿದ್ರ ಅದನ್ನರ ಹ್ಯಾಂಗ ಉಳಿಸ್ಕೊಳ್ಳಲಿ?

— ಓದುಗ, ಕಾಸಾರಶಿರಸಿ

ಉತ್ತರ:

ತಮ್ಮಾ, ನಿಮ್ಮ ಮನೆಯವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವರು ಹೇಳಿದ್ದು ತಾವು ಬಳಸಿದ ಬ್ಯಾಟರಿಯ ಮಾತು, ನಿಮ್ಮ ಬ್ಯಾಟರಿಯದ್ದಲ್ಲ. ಒಂದೇ ಮನೆಯಲ್ಲಿ ಮೂರು ಜಾತಿಯ ಬ್ಯಾಟರಿ ಬಾಳಿ ಹೋಗಿವೆ. ಮೂರರ ಸ್ವಭಾವವೂ ಬೇರೆ.

ತಂದೆಯವರ ಟ್ರ್ಯಾಕ್ಟರಿನದು ಸೀಸ ಮತ್ತು ಆಮ್ಲದ ಬ್ಯಾಟರಿ. ಮನೆಯ ಇನ್ವರ್ಟರಿನದೂ ಸಾಮಾನ್ಯವಾಗಿ ಅದೇ ಜಾತಿ. ಅದನ್ನು ಖಾಲಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಹಾಗಾಗಿ 'ಯಾವತ್ತೂ ತುಂಬಿರಬೇಕು' ಅನ್ನುವುದು ಟ್ರ್ಯಾಕ್ಟರಿಗೆ ಸರಿಯಾದ ಮಾತು. ಸೋದರಮಾವನವರ ಹಳೆಯ ವಿಡಿಯೋ ಕ್ಯಾಮೆರಾಗಳಲ್ಲಿ ಇರುತ್ತಿದ್ದದ್ದು ನಿಕಲ್-ಕ್ಯಾಡ್ಮಿಯಂ. ಅದನ್ನು ಪದೇ ಪದೇ ಅರ್ಧಕ್ಕೇ ಚಾರ್ಜಿಗೆ ಹಚ್ಚಿದರೆ ಆ ಅರ್ಧದ ಹೊತ್ತಿಗೇ ಅದರ ವೋಲ್ಟೇಜ್ ಕುಸಿಯತೊಡಗುತ್ತಿತ್ತು. ಪೂರ್ತಿ ಇಳಿಸಿ ಚಾರ್ಜ್ ಮಾಡುವ ಪದ್ಧತಿ ಹುಟ್ಟಿದ್ದು ಅಲ್ಲಿಂದ. ನಿಮ್ಮ ಲ್ಯಾಪ್‌ಟಾಪಿನಲ್ಲಿ, ತಂಗಿಯದರಲ್ಲಿ, ಇಬ್ಬರ ಮೊಬೈಲಿನಲ್ಲಿ ಇರುವುದು ಲಿಥಿಯಂ-ಅಯಾನ್. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲ ಸಲ ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇದು ತುಂಬಿಯೇ ಇರಬೇಕೆಂದು ಬೇಡುವುದಿಲ್ಲ, ಖಾಲಿಯಾಗಬೇಕೆಂದೂ ಬೇಡುವುದಿಲ್ಲ. ನಡುವೆ ಎಲ್ಲೋ ಇದ್ದರೆ ಇದಕ್ಕೆ ಆರಾಮ.

ಮೆಕ್ಯಾನಿಕ್ ಹೇಳಿದ 'ಓವರ್‌ಚಾರ್ಜ್' ಆಗಿರುವ ಸಂಭವ ಬಹಳ ಕಡಿಮೆ. ಬ್ಯಾಟರಿ ನೂರು ಮುಟ್ಟಿದೊಡನೆ ಒಳಗಿನ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ. ಆಮೇಲೆ ಲ್ಯಾಪ್‌ಟಾಪ್ ನಡೆಯುವುದು ಅಡಾಪ್ಟರಿನಿಂದ ನೇರವಾಗಿ ಬರುವ ಕರೆಂಟಿನ ಮೇಲೆ. ಆದರೂ ಅವರು ಬೊಟ್ಟು ಮಾಡಿದ ದಿಕ್ಕು ಸರಿಯಿದೆ. ಹೆಚ್ಚು ತುಂಬಿದ್ದು ಕಾರಣವಲ್ಲ, ತುಂಬಿ ಹಾಗೇ ಕೂತದ್ದು ಕಾರಣ. ಅದರ ಜೊತೆಗೆ ನಿಮ್ಮ ಊರಿನ ಸೆಕೆ.

ಬ್ಯಾಟರಿ ಸತ್ತದ್ದು ಹೇಗೆ

ಬ್ಯಾಟರಿಯೊಳಗೆ ಎರಡು ತುದಿ. ಒಂದು ಗ್ರಾಫೈಟಿನದು, ಇನ್ನೊಂದು ಲೋಹದ ಆಕ್ಸೈಡಿನದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿಗೆ ಹೋಗಿ ಸೇರುತ್ತವೆ, ಬಳಸುವಾಗ ಮರಳಿ ಬರುತ್ತವೆ. ನಡುವೆ ಇರುವ ದ್ರವದಲ್ಲಿ ಅವುಗಳ ಓಡಾಟ. ನೂರಕ್ಕೆ ನೂರು ತುಂಬಿದಾಗ ಒಂದೊಂದು ಕೋಶದಲ್ಲಿ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರವ ಸ್ವಲ್ಪಸ್ವಲ್ಪವೇ ಕೆಡುತ್ತದೆ. ಗ್ರಾಫೈಟಿನ ಮೇಲೆ ಒಂದು ಪೊರೆ ದಪ್ಪಗಾಗುತ್ತ, ಕೆಲಸಕ್ಕೆ ಬರಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕೆಡುಕಿನ ವೇಗ ಹೆಚ್ಚು. ಹೊಟ್ಟೆ ಬಿರಿಯೆ ಉಂಡವನನ್ನು ಚೈತ್ರದ ಬಿಸಿಲಿನಲ್ಲಿ ನಿಲ್ಲಿಸಿದ ಹಾಗೆ ಅದರ ಪಾಡು.

ಲೆಕ್ಕ ನೋಡಿ. ಬ್ಯಾಟರಿಗಳ ಬಗ್ಗೆ ತಿಳಿವಳಿಕೆ ಕೊಡುವ ಕೆನಡಾದ 'ಬ್ಯಾಟರಿ ಯೂನಿವರ್ಸಿಟಿ' ಕೊಡುವ ಅಂದಾಜು ಇದು. ಲಿಥಿಯಂ ಬ್ಯಾಟರಿಯನ್ನು ಶೇ. 40 ಚಾರ್ಜಿನಲ್ಲಿ, 25 ಡಿಗ್ರಿ ಶಾಖದಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಅದರ ಶಕ್ತಿ ಶೇ. 96ರಷ್ಟು ಉಳಿಯುತ್ತದೆ. ಅದೇ 25 ಡಿಗ್ರಿಯಲ್ಲಿ ಪೂರ್ತಿ ತುಂಬಿಸಿ ಇಟ್ಟರೆ ಉಳಿಯುವುದು ಶೇ. 80. ಶಾಖ 40 ಡಿಗ್ರಿಗೆ ಏರಿದರೆ ಶೇ. 40 ಚಾರ್ಜಿನದು 85ಕ್ಕೆ ಇಳಿಯುತ್ತದೆ, ಪೂರ್ತಿ ತುಂಬಿದ್ದು 65ಕ್ಕೆ ಕುಸಿಯುತ್ತದೆ. ಇದು ಏನೂ ಕೆಲಸ ಮಾಡದೆ ಕೂತ ಬ್ಯಾಟರಿಯ ಲೆಕ್ಕ ಅನ್ನುವುದು ನೆನಪಿರಲಿ.

ಈಗ ನಿಮ್ಮ ಅಂಗಡಿಯನ್ನು ಈ ಲೆಕ್ಕದಲ್ಲಿ ಇಡಿ. ನಿಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಯಲಲ್ಲೇ 40 ಡಿಗ್ರಿ ದಾಟುತ್ತದೆ. ಅಂಗಡಿಗೆ ಪತ್ರಾ ಹೊದಿಕೆ ಇದ್ದರೆ ಒಳಗೆ ಇನ್ನೂ ಹೆಚ್ಚು. ಲ್ಯಾಪ್‌ಟಾಪಿನ ಸ್ವಂತ ಬಿಸಿ ಅದರ ಮೇಲೆ. ಬೆಳಿಗ್ಗೆಯಿಂದ ಸಂಜೆಯತನಕ ನೂರರಲ್ಲಿ, ಇಷ್ಟು ಸೆಕೆಯಲ್ಲಿ, ಎರಡು ಬೇಸಿಗೆ ಕಳೆದ ಬ್ಯಾಟರಿ ಬಡವಾಗದೆ ಇರುವುದು ಹೇಗೆ? ಇದರಲ್ಲಿ ನಿಮ್ಮ ತಪ್ಪು ಅಂತ ಎಣಿಸುವಂಥದ್ದು ಏನೂ ಇಲ್ಲ. ಸೇವಾ ಕೇಂದ್ರ ನಡೆಸುವವರು ಲ್ಯಾಪ್‌ಟಾಪನ್ನು ಚಾರ್ಜಿಗೆ ಹಚ್ಚಿಯೇ ಕೂಡುತ್ತಾರೆ. ಚಾರ್ಜಿಗೆ ಮಿತಿ ಹಾಕಬಹುದು ಅಂತ ಮಾರುವವರು ಹೇಳುವುದಿಲ್ಲ, ಅಷ್ಟೇ.

ದುಡ್ಡು ಕೊಡುವ ಮುನ್ನ ಒಂದು ಪರೀಕ್ಷೆ

3,500 ರೂಪಾಯಿ ಎಣಿಸುವ ಮೊದಲು ಬ್ಯಾಟರಿಯ ಜಾತಕ ತೆಗೆದು ನೋಡಿ. ಇದಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ವಿಂಡೋಸ್‌ನ ಹುಡುಕುವ ಜಾಗದಲ್ಲಿ 'ಸಿಎಂಡಿ' ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಿ ಎಂಟರ್ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆಯುತ್ತದೆ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪವರ್' ಮತ್ತು 'ಸಿಎಫ್‌ಜಿ' ಕೂಡಿಸಿ ಬರೆಯಿರಿ, ಒಂದು ಜಾಗ ಬಿಡಿ, ಬಲಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ 'ಬ್ಯಾಟರಿ' ಮತ್ತು 'ರಿಪೋರ್ಟ್' ಕೂಡಿಸಿ ಬರೆದು ಎಂಟರ್ ಒತ್ತಿ. ವರದಿ ಯಾವ ಫೋಲ್ಡರಿನಲ್ಲಿ ಕೂತಿದೆ ಎಂದು ಪರದೆಯೇ ತೋರಿಸುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ.

ನೋಡಬೇಕಾದ್ದು ಮೂರು ಸಾಲು. 'ಡಿಸೈನ್ ಕೆಪ್ಯಾಸಿಟಿ' ಅಂದರೆ ಕಾರ್ಖಾನೆಯಿಂದ ಹೊರಟಾಗಿನ ಶಕ್ತಿ. 'ಫುಲ್ ಚಾರ್ಜ್ ಕೆಪ್ಯಾಸಿಟಿ' ಅಂದರೆ ಇವತ್ತು ತುಂಬಿದರೆ ಎಷ್ಟು ಹಿಡಿಯುತ್ತದೆ ಅನ್ನುವುದು. 'ಸೈಕಲ್ ಕೌಂಟ್' ಅಂದರೆ ಎಷ್ಟು ಸುತ್ತು ದುಡಿದಿದೆ ಅನ್ನುವುದು. ಇದನ್ನು ಕೆಲವು ಮಾದರಿಗಳು ತೋರಿಸುವುದಿಲ್ಲ. ಒಂದು ಸುತ್ತು ಅಂದರೆ ಒಟ್ಟು ನೂರು ಭಾಗ ಖರ್ಚಾದದ್ದು. ಇವತ್ತು ಐವತ್ತು, ನಾಳೆ ಐವತ್ತು ಖರ್ಚಾದರೂ ಅದು ಒಂದೇ ಸುತ್ತು. ಚಾರ್ಜರ್ ಹಚ್ಚಿ ತೆಗೆದಾಗಲೆಲ್ಲ ಒಂದು ಸುತ್ತು ಕಳೆಯುತ್ತದೆ ಎಂಬುದು ಬರೀ ಭಯ.

ಉದಾಹರಣೆಗೆ ಮೊದಲ ಸಾಲಿನಲ್ಲಿ 41,000, ಎರಡನೆಯದರಲ್ಲಿ 12,000 ಇದ್ದರೆ, ಬ್ಯಾಟರಿಯಲ್ಲಿ ಮೂರನೆಯ ಒಂದು ಭಾಗವೂ ಉಳಿದಿಲ್ಲ. ಆಗ ಹೊಸದನ್ನು ಹಾಕಿಸಿ, ಯಾವ ಉಪಾಯದಿಂದಲೂ ಅದು ಮರಳಿ ಬರುವುದಿಲ್ಲ. ಎರಡನೆಯದು 30,000ದ ಆಸುಪಾಸು ಇದ್ದೂ ಇಪ್ಪತ್ತು ನಿಮಿಷಕ್ಕೆ ಆರಿದರೆ ದೋಷ ಬೇರೆ ಕಡೆ ಇರಬಹುದು. ಒಂದೋ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ಎಳೆಯುತ್ತಿದೆ, ಇಲ್ಲವೇ ಬ್ಯಾಟರಿಯ ಅಳತೆ ತಪ್ಪಿದೆ. ಮೂವತ್ತು ತೋರಿಸುತ್ತಿದ್ದದ್ದು ಒಮ್ಮೆಲೇ ಆರಿಹೋದರೆ ಅದು ಅಳತೆ ತಪ್ಪಿದ ಲಕ್ಷಣವೂ ಆಗಬಹುದು. ಆಗ ಒಮ್ಮೆ ಪೂರ್ತಿ ತುಂಬಿಸಿ, ಒಮ್ಮೆ ಪೂರ್ತಿ ಇಳಿಸಿ, ಮತ್ತೆ ತುಂಬಿಸಿದರೆ ಅಂಕಿ ಸರಿಹೋಗುವುದುಂಟು. ನಿಮ್ಮ ಸೋದರಮಾವನ ಮಾತಿಗೆ ಲಿಥಿಯಂ ಕಾಲದಲ್ಲಿ ಉಳಿದಿರುವ ಜಾಗ ಇಷ್ಟೇ. ಇದರಿಂದ ಅಳತೆ ಸರಿಯಾಗುತ್ತದೆ, ಬ್ಯಾಟರಿಗೆ ಹೊಸ ಜೀವವೇನೂ ಬರುವುದಿಲ್ಲ.

ಹೊಸ ಬ್ಯಾಟರಿ ಬಂದ ದಿನವೇ ಮಿತಿ ಹಾಕಿ

ಕೋಶದ ಗರಿಷ್ಠ ವೋಲ್ಟೇಜನ್ನು 4.2ರಿಂದ 4.1ಕ್ಕೆ ಇಳಿಸಿದರೆ ಅದು ದುಡಿಯುವ ಸುತ್ತುಗಳು ಸುಮಾರು ಇಮ್ಮಡಿಯಾಗುತ್ತವೆ ಎಂಬುದು ಈ ವಿದ್ಯೆ ಬಲ್ಲವರ ಸ್ಥೂಲ ಲೆಕ್ಕ. ನೂರಕ್ಕೆ ಮೊದಲೇ ಚಾರ್ಜಿಂಗ್ ನಿಲ್ಲಿಸುವ ಈ ಮಿತಿಯನ್ನು ಹೆಸರಾಂತ ಕಂಪನಿಗಳು ಬಳಸುವವರ ಕೈಗೇ ಕೊಟ್ಟಿವೆ. ಲೆನೊವೊದಲ್ಲಿ 'ವ್ಯಾಂಟೇಜ್' ಎಂಬ ಆ್ಯಪ್ ತೆರೆದರೆ 'ಕನ್ಸರ್ವೇಶನ್ ಮೋಡ್' ಸಿಗುತ್ತದೆ. ಆಸುಸ್‌ನಲ್ಲಿ 'ಮೈ ಆಸುಸ್' ಒಳಗೆ 'ಬ್ಯಾಟರಿ ಹೆಲ್ತ್ ಚಾರ್ಜಿಂಗ್' ಇದೆ, 60, 80, 100 ಎಂಬ ಮೂರು ಮೆಟ್ಟಿಲು. ಏಸರ್‌ನ 'ಕೇರ್ ಸೆಂಟರ್' 80ಕ್ಕೆ ನಿಲ್ಲಿಸುತ್ತದೆ. ಡೆಲ್‌ನಲ್ಲಿ ಯಂತ್ರ ಶುರುವಾಗುವಾಗ ಎಫ್2 ಒತ್ತಿ ಬಯೋಸ್‌ಗೆ ಹೋದರೆ 'ಪ್ರೈಮರಿಲಿ ಎಸಿ ಯೂಸ್' ಎಂಬ ಆಯ್ಕೆ ಇರುತ್ತದೆ. ಎಚ್‌ಪಿಯ ಅನೇಕ ಮಾದರಿಗಳಲ್ಲಿ ಎಫ್10 ಒತ್ತಿ ಒಳಹೊಕ್ಕರೆ 'ಬ್ಯಾಟರಿ ಹೆಲ್ತ್ ಮ್ಯಾನೇಜರ್' ಕಾಣುತ್ತದೆ. ಮಾದರಿ ಬದಲಾದಂತೆ ಹೆಸರೂ ಅಂಕಿಯೂ ಸ್ವಲ್ಪ ಬದಲಾಗುತ್ತವೆ. ಬಯೋಸ್‌ನಲ್ಲಿ ಬೇರೆ ಯಾವುದನ್ನೂ ಮುಟ್ಟದೆ ಉಳಿಸಿ ಹೊರಬನ್ನಿ.

'ಬೆಂಗಳೂರಿನಾಗ 60ಕ್ಕ ಮಿತಿ ಹಾಕಿದ್ರ ನಡೀತದ, ನಮ್ಮೂರಾಗ ಲೈಟ್ ಹೋದ್ರ ಏನು ಮಾಡ್ಲಿ' ಅಂತ ನೀವು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಕರೆಂಟ್ ಕೈಕೊಡದ ಊರಿನವರು ಬರೆದ ಸಲಹೆಗಳಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ನನ್ನ ಉತ್ತರ ಇದು: ನಿಮ್ಮ ಮಿತಿಯನ್ನು ಹಂಗಾಮು ನಿರ್ಧರಿಸಲಿ.

ಫೆಬ್ರುವರಿಯಿಂದ ಮೇ ತನಕ ಸೆಕೆ ಏರುತ್ತ ಹೋಗುತ್ತದೆ. ಆ ತಿಂಗಳುಗಳಲ್ಲಿ ಕೊನೆಯ ದಿನದ ಒತ್ತಡ ಇಲ್ಲದ ವಾರಗಳಿಗೆ 60ರ ಮಿತಿ ಸಾಕು. ಹೊಸ ಬ್ಯಾಟರಿಯಲ್ಲಿ 60 ಅಂದರೂ ಒಂದೂವರೆ-ಎರಡು ತಾಸಿನ ಕೆಲಸ. ಜೂನ್‌ನಲ್ಲಿ ಶಾಲೆ-ಕಾಲೇಜಿನ ದಾಖಲಾತಿಗೆ ದಾಖಲಾಗಳ ಗದ್ದಲ ಶುರುವಾದೊಡನೆ 80ಕ್ಕೆ ಏರಿಸಿ. ಜುಲೈನಲ್ಲಿ ಮುಂಗಾರಿ ಪೀಕವಿಮೆಯ ಕೊನೆಯ ವಾರ ಬಂದಾಗ ಮಿತಿಯನ್ನೇ ತೆಗೆದುಬಿಡಿ, ಪ್ರತಿ ಬೆಳಿಗ್ಗೆ ನೂರು ತುಂಬಿರಲಿ. ಅದರಿಂದ ಬ್ಯಾಟರಿಗೆ ಆಗುವ ನಷ್ಟ ಅಲ್ಪ. ಮಳೆಗಾಲವಾದ್ದರಿಂದ ಸೆಕೆಯೂ ಇಳಿದಿರುತ್ತದೆ. ತುಂಬಿದ ಬ್ಯಾಟರಿ ಅದೇ ದಿನ ಖರ್ಚಾಗುವಾಗ ಚಿಂತೆ ಬೇಡ. ವಾರಗಟ್ಟಲೆ ತುಂಬಿ ಕೂತರೆ ಮಾತ್ರ ಕೇಡು. ಗಡುವು ಮುಗಿದ ಮರುದಿನ ಮತ್ತೆ 80ಕ್ಕೆ ಇಳಿಸಿ.

ನಿಮ್ಮ ಯಂತ್ರದಲ್ಲಿ ಮಿತಿಯ ಸೌಲಭ್ಯವೇ ಇಲ್ಲವೆ? ದಿನಕ್ಕೊಮ್ಮೆ ಚಾರ್ಜರ್ ತೆಗೆದು ನಲವತ್ತರ ಆಸುಪಾಸಿಗೆ ಬರುವ ತನಕ ಬ್ಯಾಟರಿಯ ಮೇಲೇ ಕೆಲಸ ಮಾಡಿ, ಆಮೇಲೆ ಹಚ್ಚಿ. ರಾತ್ರಿ ಅಂಗಡಿ ಮುಚ್ಚುವಾಗ ಪ್ಲಗ್ ಕಿತ್ತಿಡಿ. ಇಷ್ಟೇ ಸಾಕು. ಗಿರಾಕಿ ಎದುರಿಗಿದ್ದಾಗ ಶೇಕಡಾ ನೋಡುತ್ತ ಕೂಡಬೇಡಿ.

ಸೆಕೆ ಹೊರಗೆ ಹಾಕಿ

ಮಿತಿ ಹಾಕುವಷ್ಟೇ ಮುಖ್ಯವಾದದ್ದು ಇದು. ಮೊದಲು ಲ್ಯಾಮಿನೇಶನ್ ಯಂತ್ರ ಎಲ್ಲಿದೆ ನೋಡಿ. ಅದೂ ಲೇಸರ್ ಪ್ರಿಂಟರೂ ಬಿಸಿ ಉಗುಳುವ ಯಂತ್ರಗಳು. ಜಾಗ ಸಾಲದೆ ಲ್ಯಾಪ್‌ಟಾಪನ್ನು ಅವುಗಳ ಮಗ್ಗುಲಿಗೇ ಇಟ್ಟಿರುವುದನ್ನು ಇಂಥ ಅಂಗಡಿಗಳಲ್ಲಿ ಕಾಣುತ್ತೇವೆ. ಟೇಬಲ್ಲಿನ ಆಚೆ ತುದಿಗಾದರೂ ಸರಿಸಿ. ಪಡುವಣ ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ. ಪತ್ರಾದ ಕೆಳಗೆ ಥರ್ಮೋಕೋಲ್ ಹಾಳೆಯದ್ದಾದರೂ ಒಂದು ಒಳಚಾವಣಿ ಹಾಕಿಸಿದರೆ ಲ್ಯಾಪ್‌ಟಾಪಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಆ ಹಾಳೆ ಬಿಸಿಯಾಗುವ ಯಾವುದಕ್ಕೂ ತಾಗದ ಹಾಗೆ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಮರದ ತುಂಡು ಇಟ್ಟು ಒಂದಿಂಚು ಎತ್ತರಿಸಿದರೆ ಕೆಳಗಿನ ಗಾಳಿಕಿಂಡಿಗಳು ಉಸಿರಾಡುತ್ತವೆ. ಟೇಬಲ್ ಮೇಲಿನ ದಪ್ಪ ಬಟ್ಟೆ ತೆಗೆಯಿರಿ. ಸುಗ್ಗಿಯ ದಿನಗಳಲ್ಲಿ ಸೋಯಾಬೀನ್ ರಾಶಿಯ ಧೂಳು ರಸ್ತೆಯಿಂದ ಅಂಗಡಿಯೊಳಗೆ ಬಂದೇ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಒಮ್ಮೆ ಫ್ಯಾನ್ ಸ್ವಚ್ಛ ಮಾಡಿಸಿ.

ಪೇಟೆಗೆ ಹೋದಾಗ ಬ್ಯಾಗನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಗಾಜು ಮುಚ್ಚಿದ ಕಾರಿನ ಒಳಗಿನ ಶಾಖ ಹೊರಗಿನದನ್ನು ಮೀರಿಸುತ್ತದೆ. ಲ್ಯಾಪ್‌ಟಾಪ್ ಕೈಗೆ ಸುಡುವಷ್ಟು ಬಿಸಿಯಾಗಿದ್ದರೆ ಮೊದಲು ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಚ್ಚಿ.

ಲೈಟ್ ಹೋದಾಗ, ಬಂದಾಗ

ಜುಲೈನಲ್ಲಿ ಫಾರ್ಮು ಹೋದದ್ದಕ್ಕೆ ಬ್ಯಾಟರಿ ಒಂದೇ ಕಾರಣವೆ, ಯೋಚಿಸಿ ನೋಡಿ. ಲೈಟ್ ಹೋದ ಕ್ಷಣವೇ ವೈಫೈ ರೌಟರ್ ಆರುತ್ತದೆ. ಬ್ಯಾಟರಿಯಲ್ಲಿ ಮೂರು ತಾಸು ಉಳಿದಿದ್ದರೂ ನೆಟ್ ಇಲ್ಲದಿದ್ದರೆ ವಿಮೆಯ ಪೋರ್ಟಲ್ ನಿಮ್ಮನ್ನು ಹೊರಗೆ ಹಾಕುತ್ತದೆ. ಬಹುಪಾಲು ರೌಟರುಗಳು 12 ವೋಲ್ಟಿನವು, ಅವಕ್ಕೆಂದೇ ಅಂಗೈ ಅಗಲದ ಪುಟ್ಟ ಯುಪಿಎಸ್ ಸಿಗುತ್ತದೆ. ನಿಮ್ಮ ರೌಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟೂ ಆಂಪಿಯರೂ ಹೊಂದುವುದನ್ನೇ ಕೊಳ್ಳಿ. ಮೊಬೈಲಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಮೊದಲೇ ಒಮ್ಮೆ ಜೋಡಿಸಿಕೊಂಡಿರಲಿ, ತುರ್ತಿಗೆ ಪಾಸ್‌ವರ್ಡ್ ಹುಡುಕುತ್ತ ಕೂಡಬಾರದು.

ಲೈಟ್ ಹೋದೊಡನೆ ಪರದೆಯ ಬೆಳಕು ಅರ್ಧಕ್ಕೆ ಇಳಿಸಿ, ಬ್ಯಾಟರಿ ಸೇವರ್ ಹಾಕಿ, ಬೇಡದ ಟ್ಯಾಬ್ ಮುಚ್ಚಿ. ಬೆರಳಚ್ಚು ಯಂತ್ರ, ಪೆನ್‌ಡ್ರೈವ್, ವೆಬ್‌ಕ್ಯಾಮ್ ಇವೆಲ್ಲ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಉಣ್ಣುತ್ತವೆ. ಬಳಸದಿದ್ದಾಗ ಕಿತ್ತಿಡಿ. ಇಷ್ಟು ಮಾಡಿದರೆ ಅದೇ ಬ್ಯಾಟರಿಯಲ್ಲಿ ಇನ್ನೂ ನಾಲ್ಕಾರು ಫಾರ್ಮು ಆಗುತ್ತವೆ.

ವೋಲ್ಟೇಜ್ ಇಳಿಯುವುದರ ಬಗ್ಗೆ ಅಷ್ಟಾಗಿ ಚಿಂತೆ ಬೇಡ. ಅಡಾಪ್ಟರಿನ ಬೆನ್ನು ತಿರುಗಿಸಿ ನೋಡಿ, ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಬಲ್ಬು ಮಂಕಾದರೂ ಅದು ತನ್ನ ಕೆಲಸ ಮಾಡುತ್ತದೆ. ಅಪಾಯ ಇರುವುದು ಲೈಟ್ ಮರಳಿ ಬರುವ ಕ್ಷಣದ ಏರಿಳಿತದಲ್ಲಿ, ಸಿಡಿಲಿನಲ್ಲಿ. ಲೈಟ್ ಹೋದಾಗ ಸ್ವಿಚ್ ತೆಗೆಯಿರಿ. ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಗುಡುಗು ಕೇಳಿದರೆ ಪ್ಲಗ್ ಕಿತ್ತು ಬ್ಯಾಟರಿಯ ಮೇಲೆ ಕೆಲಸ ಮಾಡಿ. ಎಕ್ಸ್‌ಟೆನ್ಶನ್ ಬೋರ್ಡಿಗೆ ಹೊಂದಲಿಲ್ಲವೆಂದು ಮೂರನೆಯ ಪಿನ್ ಮುರಿದಿದ್ದರೆ ಆ ವೈರ್ ಬದಲಿಸಿ. ಲೋಹದ ಮೈ ಮುಟ್ಟಿದಾಗ ಚುಮುಚುಮು ಅನ್ನುವುದು ಸಾಮಾನ್ಯವಾಗಿ ಅರ್ಥಿಂಗ್ ಇಲ್ಲದ್ದರಿಂದ. ಸ್ಪೈಕ್ ಗಾರ್ಡ್ ಕೂಡ ಅರ್ಥಿಂಗ್ ಇದ್ದರೇ ಸರಿಯಾಗಿ ಕೆಲಸ ಮಾಡುತ್ತದೆ.

ಇನ್ವರ್ಟರ್ ಕೊಳ್ಳುವ ಯೋಚನೆ ಇದ್ದರೆ ಸೈನ್‌ವೇವ್ ಇನ್ವರ್ಟರನ್ನೇ ಕೊಳ್ಳಿ. ಲೇಸರ್ ಪ್ರಿಂಟರನ್ನೂ ಲ್ಯಾಮಿನೇಶನ್ ಯಂತ್ರವನ್ನೂ ಅದಕ್ಕೆ ಹಚ್ಚಬೇಡಿ. ಬಿಸಿ ಮಾಡುವ ಯಂತ್ರಗಳು ಒಮ್ಮೆಲೇ ಎಳೆಯುವ ಕರೆಂಟಿಗೆ ಸಣ್ಣ ಇನ್ವರ್ಟರ್ ಕೈಕೊಡುತ್ತದೆ. ಅದರ ಸೀಸದ ಬ್ಯಾಟರಿಯ ವಿಷಯದಲ್ಲಿ ಮಾತ್ರ ತಂದೆಯವರು ಹೇಳಿದ್ದೇ ಕಾಯಿದೆ. ಯಾವತ್ತೂ ತುಂಬಿಡಿ, ನೀರಿನ ಮಟ್ಟ ನೋಡಿ, ಶುದ್ಧೀಕರಿಸಿದ ನೀರನ್ನೇ ಹಾಕಿ.

ತಂಗಿಗೆ ಹೇಳಿ

ಆಕೆಯ ಕಷ್ಟ ನಿಮ್ಮದಕ್ಕೆ ತಿರುಗುಮುರುಗು. ನಿಮ್ಮದು ಸದಾ ತುಂಬಿರುತ್ತದೆ, ಆಕೆಯದು ಸದಾ ಬತ್ತುತ್ತದೆ. ಶೂನ್ಯಕ್ಕೆ ಇಳಿಸುವುದನ್ನು ಇವತ್ತೇ ಬಿಡಲಿ. ಆಳಕ್ಕೆ ಇಳಿದಷ್ಟೂ ಲಿಥಿಯಂ ಬ್ಯಾಟರಿಯ ಆಯುಷ್ಯ ಬೇಗ ಸವೆಯುತ್ತದೆ. ಇಪ್ಪತ್ತು-ಮೂವತ್ತಕ್ಕೆ ಬಂದಾಗ ಹಚ್ಚಲಿ, ಎಂಬತ್ತರ ಹೊತ್ತಿಗೆ ನೆನಪಾದರೆ ತೆಗೆಯಲಿ. ನೆನಪಾಗದೆ ನೂರಾದರೆ ನೂರಾಗಲಿ. ಪರೀಕ್ಷೆಯ ಹಿಂದಿನ ರಾತ್ರಿ ಓದಬೇಕಾದ ಹುಡುಗಿಗೆ ಬ್ಯಾಟರಿಯ ಪಾರಾಯಣ ಹೊರಿಸಬೇಡಿ.

ಹಾಸಿಗೆಯ ಮೇಲೆ ಕೌದಿಯಲ್ಲಿ ಹುದುಗಿಸಿಟ್ಟು ಸಿನಿಮಾ ನೋಡುವ ರೂಢಿ ಇದ್ದರೆ ಬಿಡಿಸಿ. ಗಾಳಿಕಿಂಡಿ ಮುಚ್ಚಿ ಒಳಗೇ ಬೇಯುತ್ತದೆ. ಒಂದು ಹಲಗೆಯನ್ನೋ ದೊಡ್ಡ ಪುಸ್ತಕವನ್ನೋ ಅಡಿಗೆ ಇಟ್ಟುಕೊಳ್ಳಲಿ. ಬೇಸಿಗೆ ರಜೆಗೆ ಊರಿಗೆ ಬಂದು ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದರೆ ಐವತ್ತರ ಆಸುಪಾಸು ಚಾರ್ಜ್ ಇಟ್ಟು, ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ, ಮನೆಯ ತಂಪಾದ ಕೋಣೆಯಲ್ಲಿ ಇಡಲಿ. ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಬಿಟ್ಟರೆ ವೋಲ್ಟೇಜ್ ಇನ್ನೂ ಇಳಿದು, ಕಾವಲು ಸರ್ಕ್ಯೂಟ್ ಬಾಗಿಲು ಹಾಕಿಬಿಡುತ್ತದೆ. ಆಮೇಲೆ ಅದು ಚಾರ್ಜ್ ತೆಗೆದುಕೊಳ್ಳದೇ ಹೋಗಬಹುದು.

ಹೊಸದು ಕೊಳ್ಳುವಾಗ, ಹಳೆಯದು ಬಿಡುವಾಗ

ನಿಮ್ಮ ಲ್ಯಾಪ್‌ಟಾಪಿನ ಮಾದರಿ, ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್, ವೋಲ್ಟ್, ವಾಟ್-ಅವರ್ ಬರೆದುಕೊಂಡು ಹೋಗಿ. ಭಾರತದಲ್ಲಿ ಇಂಥ ಬ್ಯಾಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಗುರುತೂ ಆರ್ ಅಕ್ಷರದ ನೋಂದಣಿ ಸಂಖ್ಯೆಯೂ ಇವೆಯೇ ನೋಡಿ. ತಯಾರಾದ ತಿಂಗಳನ್ನೂ ಕೇಳಿ. ಮೇಲಿನ ಲೆಕ್ಕ ಓದಿದಿರಲ್ಲ, ಮೂರು ಬೇಸಿಗೆ ಅಂಗಡಿಯ ಅಟ್ಟದಲ್ಲಿ ಕಳೆದ ಬ್ಯಾಟರಿ ಡಬ್ಬಿ ಒಡೆಯುವ ಮೊದಲೇ ಮುದಿಯಾಗಿರುತ್ತದೆ. ಹಾಕಿಸಿದ ದಿನವೇ ಮೆಕ್ಯಾನಿಕ್ ಎದುರಿಗೇ ಬ್ಯಾಟರಿ ವರದಿ ತೆಗೆದು, ಮೊದಲ ಎರಡು ಸಾಲು ಹೆಚ್ಚುಕಡಿಮೆ ಒಂದೇ ಇವೆಯೇ ನೋಡಿ ದುಡ್ಡು ಕೊಡಿ. ಚಾರ್ಜರ್ ಕೂಡ ಬದಲಿಸಬೇಕಾದರೆ ವೋಲ್ಟ್ ಅಷ್ಟೇ ಇರಲಿ, ವಾಟ್ ಅಷ್ಟೇ ಅಥವಾ ಹೆಚ್ಚು ಇರಲಿ.

ಹಳೆಯ ಬ್ಯಾಟರಿ ಉಬ್ಬಿದೆಯೇ ಅಂತಲೂ ನೋಡಿಸಿ. ಟಚ್‌ಪ್ಯಾಡ್ ಮೇಲೆದ್ದರೆ, ಲ್ಯಾಪ್‌ಟಾಪ್ ಟೇಬಲ್ ಮೇಲೆ ಸಮನಾಗಿ ಕೂಡದಿದ್ದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಹಾಗಿದ್ದರೆ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ. ತಿಪ್ಪೆಗೆ ಎಸೆಯಬೇಡಿ, ಕಸದ ಬೆಂಕಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ತಯಾರಿಸಿ ಮಾರುವ ಕಂಪನಿಯದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೇಳಿ, ಇಲ್ಲವೇ ಕಂಪನಿಯ ಸರ್ವಿಸ್ ಸೆಂಟರಿಗೆ ಕೊಡಿ.

ಕೊನೆಯದಾಗಿ ಒಂದು ಮಾತು. ಎಷ್ಟೇ ಜೋಪಾನ ಮಾಡಿದರೂ ಬ್ಯಾಟರಿ ಸವೆಯುವ ವಸ್ತುವೇ. ಸಾಮಾನ್ಯ ಲ್ಯಾಪ್‌ಟಾಪಿನದು 300ರಿಂದ 500 ಸುತ್ತಿಗೆ, ಒಳ್ಳೆಯದಾದರೆ 1,000ದವರೆಗೆ ಬಾಳುತ್ತದೆ. ಈ ಸಲಹೆಗಳಿಂದ ಎರಡು ವರ್ಷಕ್ಕೆ ಸಾಯುವುದು ನಾಲ್ಕು ವರ್ಷ ಬಂದೀತು, ಶಾಶ್ವತವಾಗದು. ಹಾಗಾಗಿ ಹೊಸ ಬ್ಯಾಟರಿಯ ಖರ್ಚನ್ನು ಪ್ರಿಂಟರಿನ ಟೋನರ್ ಖರ್ಚಿನ ಸಾಲಿನಲ್ಲೇ ಬರೆದುಕೊಂಡು ತಿಂಗಳಿಗೆ ನೂರು ರೂಪಾಯಿ ತೆಗೆದಿಡಿ. ಬರುವ ಜುಲೈಗೆ ಮೊದಲು, ಅಂದರೆ ಜೂನ್‌ನ ಮೊದಲ ವಾರವೇ, ವರದಿ ತೆಗೆದು ನೋಡಿ. ಎರಡನೆಯ ಸಾಲು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಆಗಲೇ ಬದಲಿಸಿ, ಕೊನೆಯ ದಿನದ ತನಕ ಕಾಯಬೇಡಿ. ನಿಮ್ಮ ಅಂಗಡಿಯ ಮುಂದೆ ನಿಂತ ರೈತನಿಗೆ ಆ ಒಂದು ಫಾರ್ಮು ಇಡೀ ಹಂಗಾಮಿನ ಭರವಸೆ. ಬ್ಯಾಟರಿಯನ್ನು ಇಷ್ಟೆಲ್ಲ ಉಳಿಸುವುದು ಆ ದಿನ ಹಿಂದೆಮುಂದೆ ನೋಡದೆ ಪೂರ್ತಿ ಖರ್ಚು ಮಾಡುವುದಕ್ಕೇ.